ಕ್ಯಾಲೆಂಡರಿನ ಅಮ್ಮಾವ್ರು

ನಮ್ಮ ಮನೆಯ ಹೊಲಿಗೆ ಡಬ್ಬಿಯಲ್ಲಿ ನೂಲುಂಡೆ, ಗುಂಡಿ, ಮೊನೆ ಮುರಿದ ಸೂಜಿಗಳ ನಡುವೆ ಬೆರಳುದ್ದದ ಒಂದು ಪೆನ್ಸಿಲ್ ಇದೆ. ನನ್ನ ಹೆಂಡತಿ ಜಯಮ್ಮ ಅದರಿಂದ ರವಿಕೆ ಬಟ್ಟೆಗೆ ಗುರುತು ಹಾಕುತ್ತಾಳೆ. ತುಮಕೂರಿನ ಸದಾಶಿವನಗರದ ಈ ಮನೆಗೆ ಬಂದುಹೋಗುವ ಯಾರೂ ಅದನ್ನು ಎರಡನೆಯ ಸಲ ನೋಡಿದವರಲ್ಲ. ನೋಡಲು ಅದರಲ್ಲಿ ಇರುವುದಾದರೂ ಏನು? ಆದರೆ ಗೆಳೆಯರೇ, ಆ ಪೆನ್ಸಿಲ್ಲಿನಿಂದ ನಾನು ಒಬ್ಬ ಜೀವಂತ ಹೆಂಗಸಿನ ಮುಖವನ್ನು ಕಿತ್ತುಕೊಂಡಿದ್ದೇನೆ ಎಂದರೆ ನೀವು ನಂಬಲಾರಿರಿ. ನಂಬಲು ನನಗೇ ಏಳೆಂಟು ವರ್ಷ ಹಿಡಿಯಿತು.

ಎಪ್ಪತ್ತರ ದಶಕದಲ್ಲಿ ನಾನು ಗುಬ್ಬಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸಕ್ಕಿದ್ದೆ. ನೆಗೆಟಿವ್‌ನಲ್ಲಿ ಕಪ್ಪು ಬಿಳುಪು ತಿರುವುಮುರುವು ಎಂಬುದು ನಿಮಗೆ ಗೊತ್ತು. ಮುಖದ ಗುಳಿ, ಸುಕ್ಕು, ಕಣ್ಣಡಿಯ ಕಪ್ಪು ಎಲ್ಲವೂ ಅಲ್ಲಿ ತಿಳಿಯಾಗಿ ಕಾಣುತ್ತವೆ. ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಆ ತಿಳಿಯನ್ನು ತುಂಬಿಬಿಟ್ಟರೆ ಫೋಟೋದಲ್ಲಿ ಗುಳಿಯೂ ಇಲ್ಲ, ಸುಕ್ಕೂ ಇಲ್ಲ. ದೇವರು ಆತುರದಲ್ಲಿ ಮಾಡಿ ಕಳಿಸಿದ್ದನ್ನು ನಾನು ಸಾವಧಾನವಾಗಿ ತಿದ್ದುತ್ತಿದ್ದೇನೆಂದು ಸ್ನೇಹಿತರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಗುಬ್ಬಿಯ ಎಷ್ಟೋ ಹೆಣ್ಣುಮಕ್ಕಳಿಗೆ ಗಂಡು ಗೊತ್ತಾದದ್ದು ನನ್ನ ಕೈಗುಣದಿಂದ ಎಂಬ ನಂಬಿಕೆಯೂ ಇತ್ತು.

ಒಂದು ವರ್ಷದ ಕೊನೆಗೆ ಆ ಸೀಮೆಯ ರಾಜಕೀಯ ಮುಂದಾಳೊಬ್ಬರು ಪತ್ನಿಯೊಡನೆ ಸ್ಟುಡಿಯೋಕ್ಕೆ ಬಂದರು. ಅವರ ಹೆಸರು ಬೇಡ ಬಿಡಿ. ನಮಗೆಲ್ಲ ಅವರು ಬರಿಯ ಸಾಹೇಬರು. ಪತ್ನಿ ಪುಟ್ಟಗೌರಮ್ಮ, ಕುಣಿಗಲ್ ಕಡೆಯ ರಾಗಿ ಬೆಳೆಯುವವರ ಮನೆಯ ಮಗಳು. ಚಿಕ್ಕಂದಿನಲ್ಲಿ ಸಿಡುಬು ಎದ್ದು, ನಮ್ಮ ಹಿರಿಯರ ಮಾತಿನಲ್ಲಿ ‘ಅಮ್ಮ ಬಂದು’, ಹಣೆಯಿಂದ ಗದ್ದದವರೆಗೆ ಗುಳಿ ಬಿದ್ದ ಮುಖ. ಅದರ ಪರಿವೆಯೇ ಇಲ್ಲದೆ ಕ್ಯಾಮೆರಾವನ್ನು ನೆಟ್ಟಗೆ ನೋಡಿ ನಕ್ಕರು. ಆಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, "ಮುಖ ಒಂಚೂರು ನೀಟಾಗ್ ಮಾಡಪ್ಪ. ಮನೆಮನೇಲಿ ನೇತಾಕೋ ಕ್ಯಾಲೆಂಡರು," ಎಂದರು.

ಎರಡು ದಿನ ಕೂತು ಒಂದೊಂದೇ ಗುಳಿ ತುಂಬಿದೆ. ಹೊಸ ವರ್ಷಕ್ಕೆ ಊರ್ಡಿಗೆರೆಯಿಂದ ಹಾಗಲವಾಡಿಯವರೆಗೆ ಗೋಡೆಗೋಡೆಯ ಮೇಲೆ ಬೆಣ್ಣೆಯಂಥ ಮುಖದ ಅಮ್ಮಾವ್ರು ಸಾಹೇಬರ ಪಕ್ಕದಲ್ಲಿ ನಗುತ್ತಿದ್ದರು. ಕೆಲವರು ದೇವರ ಪಟದ ಸಾಲಿನಲ್ಲೇ ತೂಗುಹಾಕಿ ಕುಂಕುಮ ಇಟ್ಟರೆಂದು ಕೇಳಿ ನಾನು ನೆಲದಿಂದ ಗೇಣು ಮೇಲೆ ನಡೆದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅದೇ ಬೇಸಿಗೆಯ ಒಂದು ಮಧ್ಯಾಹ್ನ ಪುಟ್ಟಗೌರಮ್ಮನವರು ಒಬ್ಬರೇ ಸ್ಟುಡಿಯೋಕ್ಕೆ ಬಂದು ಬೆಂಚಿನ ಮೇಲೆ ಕೂತರು. ಹಳ್ಳಿ ಹೆಂಗಸರ ಕಷ್ಟಸುಖ ಕೇಳಲು ಅವರು ಆ ವರ್ಷವಷ್ಟೇ ಊರೂರು ಸುತ್ತತೊಡಗಿದ್ದರು. ಆ ತಿರುಗಾಟ ಅವರಿಗೆ ಬಹಳ ಇಷ್ಟವೆಂದು ನಾನೂ ಕೇಳಿದ್ದೆ.

"ಹಾಗಲವಾಡಿಗೆ ಹೋಗಿದ್ದೆ ಕಣಪ್ಪ," ಎಂದರು. "ಹೆಂಗಸ್ರು ಆರತಿ ತಟ್ಟೆ ಹಿಡ್ಕಂಡು ನಿಂತಿದ್ರು. ನಾನು ಜೀಪಿಂದ ಇಳಿದ್ರೆ, ನನ್ನ ಬುಟ್ಟು ಜೀಪೊಳಗೆ ಇಣುಕಿ ನೋಡ್ತಾವ್ರೆ. ಒಬ್ಬಜ್ಜಿ ಕೇಳ್ತು, ‘ಅಮ್ಮಾವ್ರು ಬರ್ಲಿಲ್ವಾ ತಾಯಿ, ನಿನ್ನ ಕಳಿಸಿದ್ರಾ?’ ಅಂತ."

ತಮಾಷೆಗೆ ಹೇಳುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ.

"ನಾನೇ ಕಣವ್ವ ಅಂದೆ. ಆಯಜ್ಜಿ ಒಳಗೋಗಿ ಕ್ಯಾಲೆಂಡರ್ ತಂದು ನನ್ ಮುಖದ್ ಪಕ್ಕ ಹಿಡಿದು ನೋಡ್ತು. ಎಲ್ರೂ ನೋಡಿದ್ರು. ಆರತಿ ಆರೋಯ್ತು. ಸಾಹೇಬ್ರಿಗೆ ಇಬ್ರು ಹೆಂಡ್ರು, ಚೆಂದಾಗಿರೋಳ್ನ ತುಮಕೂರಲ್ಲಿ ಮಡಗವ್ರೆ ಅಂತ ಈಗ ಊರೆಲ್ಲ ಮಾತು. ಜನ ಗಲಿಬಿಲಿ ಆಯ್ತಾರೆ, ಇನ್ಮೇಲೆ ನೀನು ಬರ್ಬೇಡ ಅಂದ್ಬುಟ್ರು ಇವ್ರು. ಮೂರು ತಿಂಗ್ಳಿಂದ ಮನೇಲೇ ಇದೀನಿ."

ಜನ ಕ್ಯಾಲೆಂಡರನ್ನು ತಪ್ಪೆನ್ನಲಿಲ್ಲ, ಹೆಂಗಸನ್ನೇ ತಪ್ಪೆಂದರು. ಕಟ್ಟಿಕೊಂಡ ಸಾಹೇಬರು ಕೂಡ ಆ ತೀರ್ಪಿಗೆ ರುಜು ಹಾಕಿ, ಕಾಗದದ ಹೆಂಡತಿಯನ್ನು ಊರಿಗೆ ಕಳಿಸಿ ಜೀವವಿರುವವಳನ್ನು ಒಳಗಿಟ್ಟರು.

"ನನ್ ಗುಳಿ ವಾಪಸ್ ಹಾಕ್ಕೊಡಪ್ಪ," ಎಂದು ಕೇಳಿದರು ಪುಟ್ಟಗೌರಮ್ಮ. "ಅಮ್ಮ ಬಂದಾಗ ಒಂದೇ ಚಾಪೇಲಿ ನಾಕು ಜನ ಮಕ್ಳು ಮಲಗಿದ್ವಿ. ಎದ್ದೋಳು ನಾನೊಬ್ಳೇ. ಎದ್ದಿದ್ದಕ್ಕೆ ಇದೊಂದೇ ಗುರ್ತು ನಂಗೆ."

ಟರ್ಪೆಂಟೈನ್ ಮುಟ್ಟಿಸಿದ ಹತ್ತಿಯಿಂದ ನೆಗೆಟಿವನ್ನು ಒರೆಸಿದರೆ ಪೆನ್ಸಿಲ್ ಕೆಲಸವೆಲ್ಲ ಅಳಿಸಿಹೋಗುತ್ತದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಡ. ನೆಗೆಟಿವ್ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಆದರೆ ನಾನು ಹೇಳಿದ್ದು ಇಷ್ಟು: "ಸಾಹೇಬ್ರನ್ನ ಒಂದ್ಮಾತು ಕೇಳ್ಬೇಕಾಯ್ತದೆ ಅಮ್ಮಾವ್ರೆ."

"ನನ್ ಮುಖಕ್ಕಾ?" ಎಂದರು. ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಸಾಹೇಬರನ್ನು ನಾನು ಕೇಳಲೂ ಇಲ್ಲ. ವರ್ಷ ವರ್ಷ ಅದೇ ನೆಗೆಟಿವ್‌ನಿಂದ ಅಮ್ಮಾವ್ರ ಮುಖ ತೆಗೆದು ಹೊಸ ಕ್ಯಾಲೆಂಡರ್ ಅಚ್ಚಾಯಿತು. ಸಾಹೇಬರ ತಲೆ ನರೆಯಿತು, ಕನ್ನಡಕ ಬಂತು. ಪಕ್ಕದಲ್ಲಿದ್ದವರಿಗೆ ಮಾತ್ರ ವಯಸ್ಸಾಗಲಿಲ್ಲ. ಎಂಬತ್ತರ ದಶಕದ ನಡುವೆ, ಅಷ್ಟರಲ್ಲಿ ಸ್ಟುಡಿಯೋ ಬಿಟ್ಟು ತುಮಕೂರು ಸೇರಿದ್ದ ನಾನು, ಕುಣಿಗಲ್ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿಗೆ ಕೂತಾಗ ಎದುರಿನ ಮೇಜಿನಲ್ಲಿ ಪುಟ್ಟಗೌರಮ್ಮನವರನ್ನು ಕಂಡೆ. ತವರಿಗೆ ಹೊರಟಿದ್ದರೇನೋ, ಮಡಿಲಲ್ಲಿ ಬಟ್ಟೆಯ ಚೀಲ. ಅವರ ತಲೆಯ ಮೇಲೆಯೇ ಗೋಡೆಯಲ್ಲಿ ಆ ಕ್ಯಾಲೆಂಡರ್.

ಅವರ ಪಕ್ಕದಲ್ಲಿದ್ದ ಹೆಂಗಸು ಕ್ಯಾಲೆಂಡರಿನತ್ತ ಕಣ್ಣೆತ್ತಿ, ಅವರಿಗೇ ಹೇಳಿದಳು: "ಎಂಥಾ ಲಕ್ಷಣ ನೋಡಕ್ಕ. ಪುಣ್ಯ ಮಾಡವ್ಳೆ."

"ಹೂಂ ಕಣವ್ವ," ಎಂದರು ಪುಟ್ಟಗೌರಮ್ಮ, ಲೋಟ ಕೆಳಗಿಡುತ್ತ. "ಒಂದ್ಸಲ ಆಯಮ್ಮನ್ನ ನಾನೂ ನೋಡ್ಬೇಕು ಅಂದ್ಕಂಡಿದೀನಿ."

ನಾನು ತಲೆ ತಗ್ಗಿಸಿದವನು ಅವರ ಬಸ್ಸು ಹೊರಡುವವರೆಗೂ ಎತ್ತಲಿಲ್ಲ. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಸಂಜೆ ಮನೆಗೆ ಬಂದು ಜಯಮ್ಮನಿಗೆ ಇದನ್ನೆಲ್ಲ ಹೇಳಿದೆ. ನೆಲದ ಮೇಲೆ ಬಟ್ಟೆ ಹರವಿಕೊಂಡು ಕೂತಿದ್ದವಳು ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಕತ್ತರಿಯನ್ನು ಗೋಡೆಯ ಕಡೆಗೆ ಎತ್ತಿ ತೋರಿಸಿದಳು. ಅಲ್ಲಿ ನಮ್ಮ ಮದುವೆಯ ಫೋಟೋ ಇತ್ತು. ಜಯಮ್ಮನ ಎಡಗೆನ್ನೆಯ ಮೇಲೆ, ಎಸರಿನ ಪಾತ್ರೆ ಮಗುಚಿ ಆದ, ವೀಳ್ಯದೆಲೆಯಷ್ಟಗಲದ ಸುಟ್ಟ ಕಲೆ ಇದೆ. ಫೋಟೋದಲ್ಲಿ ಇಲ್ಲ. ಅದು ಮದುವೆಗೆ ನಾನು ಅವಳಿಗೆ ಕೊಟ್ಟ ಉಡುಗೊರೆ ಎಂದುಕೊಂಡಿದ್ದೆ.

"ಅವಳು ಯಾರೋ ನನ್ ಸವತಿ ಅಂದ್ಕೊಂಡು ಸುಮ್ನಿದೀನಿ," ಎಂದಳು ಜಯಮ್ಮ, ಸಿಟ್ಟಿಲ್ಲದ ದನಿಯಲ್ಲಿ. "ದಿನಾ ಅವಳ ಮುಖದ್ದೂ ಧೂಳು ಒರೆಸ್ತೀನಿ."

ದಾರಿಯುದ್ದಕ್ಕೂ ಸಾಹೇಬರನ್ನು ಬೈದುಕೊಂಡು ಬಂದವನು ನಾನು. ಕಡೆಗೆ, "ಅಳಿಸ್ಲೇನೇ? ನೆಗೆಟಿವ್ ಟ್ರಂಕಲ್ಲೇ ಇದೆ," ಎಂದೆ.

"ಆ ಮಾತು ಕಲೆ ಮುಚ್ಚೋಕ್ ಮುಂಚೆ ಕೇಳ್ಬೇಕಿತ್ತು," ಎಂದಳು. ಆಮೇಲೆ ಕೈಚಾಚಿದಳು: "ಆ ಪೆನ್ಸಿಲ್ ಇತ್ಲಾಗ್ ಕೊಡಿ."

ಸ್ಟುಡಿಯೋ ಬಿಟ್ಟ ಮೇಲೂ ಜೇಬಿನಲ್ಲೇ ಉಳಿದಿದ್ದ ಅದನ್ನು ತೆಗೆದು ಕೊಟ್ಟೆ. ಅಂದಿನಿಂದ ಅದು ಹೊಲಿಗೆ ಡಬ್ಬಿಯಲ್ಲಿದೆ. ರವಿಕೆ ಹೊಲಿಸಲು ಬಂದವರನ್ನು ಜಯಮ್ಮ ಎದುರಿಗೆ ನಿಲ್ಲಿಸಿಕೊಳ್ಳುತ್ತಾಳೆ, ಬಟ್ಟೆಯ ಮೇಲೆ ಪೆನ್ಸಿಲ್ ಊರುವ ಮೊದಲು ಅವರ ಮುಖ ನೋಡಿ, "ಇಷ್ಟಕ್ಕೆ ಸಾಕಾ, ಇನ್ನೊಂಚೂರು ಬುಡ್ಲಾ?" ಎಂದು ಕೇಳುತ್ತಾಳೆ. ಪಕ್ಕದ ಕೋಣೆಯಲ್ಲಿ ಕೂತ ನಾನು ಪ್ರತಿಸಲವೂ ಅದನ್ನು ಕೇಳಿಸಿಕೊಳ್ಳುತ್ತೇನೆ.