ಕೂಸಿಗೆ ಎರೆಯುವ ಕೈ

ನನ್ನ ಮೊಮ್ಮಗಳು ಬೆಳಿಗ್ಗೆ ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು ಜಡೆ ಹೆಣೆದುಕೊಳ್ಳುವಾಗ ನಾನು ಒಲೆಯ ಮೇಲಿನ ರೊಟ್ಟಿ ಬಿಟ್ಟು ನೋಡುತ್ತ ಕೂಡುತ್ತೇನೆ. ಎಷ್ಟೋ ಸಲ ರೊಟ್ಟಿ ಸೀದಿದೆ. ಅವಳು ಭೀಮರಾಯನಗುಡಿಯ ಕಾಲೇಜಿನಲ್ಲಿ ಓದುತ್ತಾಳೆ, ನಮ್ಮ ಮನೆಯಿಂದಲೇ ಹೋಗಿಬರುತ್ತಾಳೆ. ಆ ತೋಳುಗಳು ಎಷ್ಟು ಸಲೀಸಾಗಿ ಮೇಲೇಳುತ್ತವೆ ನೋಡಿ! ಅದನ್ನು ನೋಡಿದ ದಿನ ನನಗೆ ಉಣ್ಣುವುದೂ ಬೇಕಾಗುವುದಿಲ್ಲ.

ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಒತ್ತಕ್ಷರ ಬಂದರೆ ಪೆನ್ನು ಈಗಲೂ ತಡವರಿಸುತ್ತದೆ. ಆದರೂ ಇದನ್ನು ನಾನೇ ಬರೆಯುತ್ತೇನೆಂದು ಹಟ ಹಿಡಿದಿದ್ದೇನೆ. ಯಾಕೆಂದರೆ ಈ ಹುಡುಗಿ ಹುಟ್ಟಿದ ವರ್ಷದ ಕತೆಯನ್ನು ನನ್ನ ನೆಗೆಣ್ಣಿ ಊರೆಲ್ಲ ತನ್ನ ರೀತಿಯಲ್ಲಿ ಹೇಳುತ್ತ ಬಂದಿದ್ದಾಳೆ.

ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಒಂದೇ ಅಂಗಳ, ನಡುವೆ ಎದೆಮಟ್ಟದ ಗೋಡೆ. ನನಗೆ ಒಬ್ಬಳೇ ಮಗಳು. ಅವಳಿಗೆ ಮೂವರು ಗಂಡುಮಕ್ಕಳು. ಅದನ್ನು ಅವಳು ಎಂದೂ ಬಾಯಿಬಿಟ್ಟು ಹೆಚ್ಚುಗಾರಿಕೆ ಎಂದು ಹೇಳಲಿಲ್ಲ. ಆದರೆ ಮೂವರನ್ನೂ ಸಾಲಾಗಿ ಅಂಗಳದಲ್ಲಿ ಕೂಡಿಸಿ ಉಣ್ಣಲಿಕ್ಕೆ ಹಾಕುತ್ತಿದ್ದಳು. ನನಗೆ ಅಷ್ಟು ಸಾಕಾಗುತ್ತಿತ್ತು.

ನಮ್ಮೂರು ಶಹಾಪುರದಿಂದ ವನದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ಕಾಲುವೆ ಬರುವ ಮುಂಚೆ ನಮ್ಮದು ಜೋಳ, ತೊಗರಿ, ಒಂದಿಷ್ಟು ಕುರಿ. ಈ ಹುಡುಗಿ ಹುಟ್ಟುವಾಗ ಕಾಲುವೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು, ಎಲ್ಲರಂತೆ ನಾವೂ ನೆಲ್ಲು ಹಾಕಿದ್ದೆವು. ಆಂಧ್ರದಿಂದ ಬಂದು ಕ್ಯಾಂಪು ಹಾಕಿದವರ ಹೆಣ್ಣುಮಕ್ಕಳು ಕೆಸರಿನಲ್ಲಿ ಓಣಿಯಲ್ಲಿ ನಡೆದಂತೆ ನಡೆಯುತ್ತಿದ್ದರು. ನಮ್ಮ ಕಾಲುಗಳಿಗೆ ಅದರ ರೂಢಿ ಇರಲಿಲ್ಲ. ಒಣ ಎರೆಮಣ್ಣಿನಲ್ಲಿ ಹರದಾರಿಗಟ್ಟಲೆ ನಡೆದವರು ನಾವು, ಒದ್ದೆ ಬದುವಿನ ಮೇಲೆ ಕೂಸಿನಂತೆ ತತ್ತರಿಸುತ್ತಿದ್ದೆವು. ತಲೆಯ ಮೇಲೆ ಸಸಿಯ ಹೊರೆ ಹೊತ್ತು ಹೊಲಗಾಲುವೆಯ ಕಲ್ಲು ದಾಟುವಾಗ ನಾನು ಜಾರಿದೆ. ಬಲ ತೋಳಿನ ಮೇಲೆಯೇ ಬಿದ್ದೆ.

ಆಗ ಮಗಳು ಚೊಚ್ಚಲ ಬಾಣಂತನಕ್ಕೆಂದು ಗಂಡನ ಊರು ರಾಮಸಮುದ್ರದಿಂದ ಬಂದು ಮನೆಯಲ್ಲಿದ್ದಳು. ದಿನ ತುಂಬಲು ಮೂರು ವಾರ ಇತ್ತು. ಕೆಸರಿನಲ್ಲಿ ಬಿದ್ದುಕೊಂಡೇ ನಾನು ಅತ್ತದ್ದು ನೋವಿಗಲ್ಲ. ಕೂಸಿಗೆ ಎರೆಯುವವರು ಯಾರು?

ತವರಿನಲ್ಲಿ ಕೂಸಿಗೆ ಎರೆಯುವುದು ಹಡೆದವಳ ತಾಯಿಯ ಹಕ್ಕು. ಅದೇನು ಸುಮ್ಮನೆ ನೀರು ಹಾಕುವುದಲ್ಲ. ಬಚ್ಚಲಿನಲ್ಲಿ ಎರಡೂ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡು, ನೆತ್ತಿಗೆ ಔಡಲ ಎಣ್ಣೆ ಒತ್ತಿ, ಕೈಕಾಲು ನೀವಿ, ಮೂಗು ತಿದ್ದಿ, ಬೋರಲು ಮಾಡಿ ಬೆನ್ನಿಗೆ ಬಿಸಿನೀರು ಬಿಡಬೇಕು. ಒಂದು ಕೈ ಕೂಸಿನ ಎದೆಯ ಕೆಳಗೆ, ಒಂದು ಕೈ ಚೆಂಬಿಗೆ. ಎರೆದವರ ಗುಣ ಕೂಸಿಗೆ ಹತ್ತುತ್ತದೆ ಎಂದು ನಮ್ಮ ಹಿರಿಯರ ಮಾತು. ಒಂಟಿ ಕೈಯವಳಿಗೆ ಅದು ಸಾಧ್ಯವಿಲ್ಲ.

ಶಹಾಪುರದ ಡಾಕ್ಟರು ಫೋಟೋ ತೆಗೆಸಿ ನೋಡಿ, ಎಲುಬು ಮುರಿದಿಲ್ಲ, ತೋಳಿನ ಗುಂಡು ಗೂಡಿನಿಂದ ಜಾರಿದೆ ಎಂದರು. ಜಗ್ಗಿ ಕೂಡಿಸಿದರು. ಮೂರು ವಾರ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿಡಿ, ಆಮೇಲೆ ಬಂದರೆ ಕೈ ಆಡಿಸುವುದನ್ನು ಹೇಳಿಕೊಡುತ್ತಾರೆ, ತಪ್ಪದೆ ಬನ್ನಿ ಎಂದರು. ಕೂಸಿಗೆ ಎರೆಯುವುದು ಯಾವಾಗ ಎಂದು ಕೇಳಿದೆ. ಮೂರು ನಾಲ್ಕು ತಿಂಗಳು ಭಾರ ಹಿಡಿಯಬೇಡಿ ಎಂದರು. ನಾಲ್ಕು ತಿಂಗಳು! ಐದನೆಯ ತಿಂಗಳಲ್ಲಿ ಮಗಳು ಕೂಸು ಕಟ್ಟಿಕೊಂಡು ಗಂಡನ ಮನೆಗೆ ಹೋಗುವವಳು. ಆ ಮಾತು ಕೇಳಿದ ಮೇಲೆ ಡಾಕ್ಟರರ ವಿದ್ಯೆಯ ಮೇಲೆಯೇ ನನಗೆ ನಂಬಿಗೆ ಹೋಯಿತು.

ನೋಡಲು ಬಂದವರೆಲ್ಲ ಒಂದೊಂದು ಮದ್ದು ತಂದರು. ಅರಿಶಿಣ ಕೊಂಬಿನಿಂದ ಬರೆ ಹಾಕಿಸು ಎಂದವರೊಬ್ಬರು. ಆಡಿನ ಕಾಲಿನ ಸಾರು ಕುಡಿ ಎಂದವರೊಬ್ಬರು. ನನ್ನ ಗಂಡ ಯಾದಗಿರಿಯ ಹಕೀಮರೊಬ್ಬರ ಹತ್ತಿರ ಎಣ್ಣೆ ತಂದ. ಅದರ ವಾಸನೆಗೆ ಎಮ್ಮೆ ಮೂಗು ತಿರುಗಿಸಿತು. ಸುರಪುರದ ಕಡೆಯ ಹಳ್ಳಿಯಲ್ಲಿ ಎಲುಬು ಕಟ್ಟುವ ಮುದುಕನೊಬ್ಬನಿದ್ದಾನೆ, ಒಂದು ತಿಂಗಳೊಳಗೆ ಕೊಡ ಹೊರಿಸುತ್ತಾನೆ ಎಂದು ಇನ್ನೊಬ್ಬರು ಹೇಳಿದರು. ಬರೆ ಸುಡುತ್ತದೆ, ಎಣ್ಣೆ ತಡ, ಡಾಕ್ಟರು ಇನ್ನೂ ತಡ. ಒಂದು ತಿಂಗಳು ಎಂದವನೇ ನನಗೆ ದೇವರಾದ.

ಮುದುಕ ಒಳ್ಳೆಯವನು, ಅವನ ಮೇಲೆ ತಪ್ಪು ಹೊರಿಸುವುದಿಲ್ಲ. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿದ. ಎಂಟು ದಿನಕ್ಕೊಂದರಂತೆ ಮೂರು ಕಟ್ಟು ಸಾಕು ಎಂದ. ನಾನೇ ಬಿಡಲಿಲ್ಲ. ಬಣವೆಗೆ ಹಗ್ಗ ಹೆಚ್ಚಾದಷ್ಟು ಗಟ್ಟಿಯಲ್ಲವೇ, ತೋಳಿಗೂ ಹಾಗೆಯೇ ಎಂದು ನನ್ನ ಲೆಕ್ಕ. ಇನ್ನೊಂದು ಕಟ್ಟು, ಇನ್ನೊಂದು ಕಟ್ಟು ಎಂದು ಕಾಡಿ ಏಳು ಕಟ್ಟಿಸಿಕೊಂಡೆ.

ಎರಡನೆಯ ಕಟ್ಟಿನಲ್ಲಿರುವಾಗಲೇ ಮೊಮ್ಮಗಳು ಹುಟ್ಟಿದಳು. ಕರಿಯ ಕೂದಲು, ಕೆಂಪು ಅಂಗಾಲು. ಸೂಲಗಿತ್ತಿ ನನ್ನ ಎಡಗೈಗೆ ಕೊಟ್ಟಾಗ ಜಗತ್ತಿನಲ್ಲಿ ಅದಕ್ಕೆ ಮುಂಚೆ ಯಾರಿಗೂ ಮೊಮ್ಮಗಳು ಹುಟ್ಟಿರಲಿಲ್ಲ ಎನ್ನುವಂತೆ ನಾನು ನಗುತ್ತಿದ್ದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ನೆಗೆಣ್ಣಿ ಬಂದಳು. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದ್ದಳು. ಯಾರೂ ಕರೆದಿರಲಿಲ್ಲ. ಯಾರಾದರೂ ಕರೆಯಲೇಬೇಕಿತ್ತು, ಅದು ಬೇರೆ ಮಾತು.

"ಕೊಡಕ್ಕ ಇಲ್ಲಿ. ಒಂದ ಕೈಲಿ ಹಿಡಿದು ಏನ್ ಮಾಡ್ತಿ, ಜಾರಸ್ತಿ," ಎಂದಳು.

ಜಾರಿಸುತ್ತೀ ಎಂದದ್ದು ಕೂಸಿಗೋ, ಹೊಲಗಾಲುವೆಯ ಕಲ್ಲಿಗೋ! ಕೊಟ್ಟೆ.

ಅವಳ ಕೈ ಚೆನ್ನಾಗಿತ್ತು. ಬರೆಯಲು ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಚೆನ್ನಾಗಿತ್ತು. ಬಿಸಿನೀರು ಬಿದ್ದರೆ ಕಿರುಚುವ ಕೂಸುಗಳನ್ನು ಎಷ್ಟೋ ಕಂಡಿದ್ದೇನೆ. ಇದು ಅವಳ ಕಾಲ ಮೇಲೆ ಬೆಕ್ಕಿನ ಮರಿಯಂತೆ ಬಿದ್ದಿರುತ್ತಿತ್ತು. ನಾನು ಬಚ್ಚಲ ಬಾಗಿಲಿಗೆ ಕೂತು ತಪ್ಪು ಹುಡುಕುತ್ತಿದ್ದೆ. ನೀರು ಬಿಸಿಯಾಯಿತು ಎನ್ನುತ್ತಿದ್ದೆ, ತಣ್ಣಗಾಯಿತು ಎನ್ನುತ್ತಿದ್ದೆ. ಅವಳು ಹ್ಞೂಂ ಎಂದು ತನ್ನ ಪಾಡಿಗೆ ತಾನು ಎರೆಯುತ್ತಿದ್ದಳು. ಕೊನೆಗೆ ಅಂಗೈಯಲ್ಲಿ ನೀರು ಹಿಡಿದು ಕೂಸಿನ ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ದೃಷ್ಟಿ ತೆಗೆಯಬೇಕಲ್ಲ, ಆಗ ಹೇಳುತ್ತಿದ್ದಳು:

"ಹಾದ್ಯಾಗಿನ ಕಣ್ಣ, ಬೀದ್ಯಾಗಿನ ಕಣ್ಣ, ಬಚ್ಚಲ ಬಾಗಲಾಗ ಕುಂತ ಆಯಿ ಕಣ್ಣ, ಎಲ್ಲಾ ಹರದ ಹೋಗ್ಲಿ."

ಆಯಿ ಎಂದರೆ ಅಜ್ಜಿ, ಅಂದರೆ ನಾನು. ಬಾಣಂತಿಗೆ ನಗು ತಡೆಯುತ್ತಿರಲಿಲ್ಲ.

ಏಳನೆಯ ಕಟ್ಟು ಬಿಚ್ಚಿದ ದಿನ ಎರೆಯಲು ಕೂಡಬೇಕೆಂದು ಹೊಸ ಸೀರೆ ಉಟ್ಟಿದ್ದೆ. ದಬ್ಬೆ ತೆಗೆದರೆ ತೋಳು ಒಣಗಿದ ಜೋಳದ ದಂಟಿನಂತಿತ್ತು. ಎತ್ತು ಎಂದರು. ಎದೆಯ ಮಟ್ಟಕ್ಕೂ ಏಳಲಿಲ್ಲ. ಎಲುಬು ಕಟ್ಟುವವನೇ ಹೆದರಿ, ಮೂರು ಸಾಕೆಂದಿದ್ದೆನಲ್ಲಮ್ಮ ಎಂದ. ನಾನು ಹೊಸ ಸೀರೆಯಲ್ಲೇ ಬಸ್ಸಿನಲ್ಲಿ ಅಳುತ್ತ ಬಂದೆ.

ಮತ್ತೆ ಶಹಾಪುರಕ್ಕೆ ಹೋದೆವು. ಗಂಡ ನೀರು ಹಾಯಿಸಲು ಹೊಲಕ್ಕೆ ಹೋಗಿದ್ದ, ಜೊತೆಗೆ ಬಂದವಳು ನೆಗೆಣ್ಣಿಯೇ. ಡಾಕ್ಟರು ಬೈಯಲಿಲ್ಲ, ತಲೆ ಅಲ್ಲಾಡಿಸಿದರು ಅಷ್ಟೆ. ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿದಳು. ಮೇಲೆ ಒಂದು ಗಾಲಿ, ಗಾಲಿಯ ಮೇಲೆ ಹಗ್ಗ. ಜಗ್ಗುತ್ತ ಬಿಡುತ್ತ ಕೈಯನ್ನು ಮೇಲೊಯ್ಯಬೇಕು. ಹತ್ತು ಸಲಕ್ಕೆ ಜೀವ ಬಾಯಿಗೆ ಬಂತು. ದಿನಕ್ಕೆ ಇಷ್ಟೊತ್ತು ಮನೆಯಲ್ಲಿ ಮಾಡು, ನೋವಾದರೂ ಬಿಡಬೇಡ, ಆದರೆ ಝಟಕಾ ಕೊಡಬೇಡ ಎಂದಳು. ನೆಗೆಣ್ಣಿ ಬಾಯಿ ತೆರೆದು ಗಾಲಿಯನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಎರಡು ದಿನ ಮಾಡಿದೆ, ಮೂರನೆಯ ದಿನ ಬಿಟ್ಟೆ. ನನ್ನ ಪಾಲಿಗೆ ಉಳಿದಿದ್ದು ಒಂದೇ ಕೆಲಸ, ತೊಟ್ಟಿಲು ತೂಗುವುದು. ಮಂಚದ ಮೇಲೆ ಕೂತು ಎಡಗೈಯಿಂದ ಹಗ್ಗ ಎಳೆಯುತ್ತ ಕೂಸಿನ ಜೊತೆ ಲೋಕದ ಮಾತೆಲ್ಲ ಆಡುತ್ತಿದ್ದೆ. ಹೆಚ್ಚಿನವು ನೆಗೆಣ್ಣಿಯ ಮೇಲಿನ ಚಾಡಿ. ಕೂಸು ಕೈಕಾಲು ಬಡಿದು ಒಪ್ಪಿಕೊಳ್ಳುತ್ತಿತ್ತು.

ಒಂದು ದಿನ ಹಿತ್ತಿಲಿಂದ ಬಂದು ನೋಡಿದರೆ ಮಂಚ ತಿರುಗಿದೆ. ಎಡಗಡೆಗೆ ಗೋಡೆ, ಬಲಗಡೆಗೆ ತೊಟ್ಟಿಲು. ಹಗ್ಗವನ್ನು ನೆಗೆಣ್ಣಿ ತೊಲೆಯ ಮೇಲಿಂದ ಹಾಯಿಸಿ ಬಲಗಡೆಯ ಕಂಬದ ಹತ್ತಿರ ಇಳಿಬಿಟ್ಟಿದ್ದಾಳೆ, ತುದಿ ನನ್ನ ಗದ್ದದ ಎತ್ತರದಲ್ಲಿ. ಎಡಗೈ ಅಲ್ಲಿಗೆ ಸರಿಯಾಗಿ ಎಟುಕದು.

ಯಾಕೆ ಹೀಗೆ ಮಾಡಿದೆ ಎಂದು ಗೋಡೆಯ ಮೇಲಿಂದ ಕೇಳಿದೆ. ಬಾಗಿಲಿನ ಗಾಳಿ ಕೂಸಿಗೆ ಬಡಿಯುತ್ತದೆ, ಅದಕ್ಕೆ ಎಂದಳು. ಎರೆಯುವುದನ್ನು ಕಸಿದಳು, ತೂಗುವುದನ್ನೂ ಕಸಿಯಲು ನಿಂತಳು ಎಂದು ನನ್ನ ಮೈಯೆಲ್ಲ ಉರಿಯಿತು. ಹಗ್ಗ ಬಿಚ್ಚಿ ಕಟ್ಟೋಣವೆಂದರೆ ಎರಡು ಕೈ ಬೇಕು. ಮಗಳಿಗೆ ಹೇಳಿದೆ. ಸಣ್ಣಮ್ಮ ಗಾಳಿಯ ಮಾತು ಹೇಳಿದ್ದಾಳೆ, ಇರಲಿ ಬಿಡು ಎಂದಳು. ಕೂಸು ಅತ್ತಿತು. ಹಲ್ಲು ಕಚ್ಚಿ ಬಲಗೈಯಿಂದಲೇ ಹಗ್ಗ ಹಿಡಿದು ಜಗ್ಗಿದೆ. ತೊಟ್ಟಿಲು ತಿರುಗಿ ಹೋಗುವಾಗ ಹಗ್ಗ ನನ್ನ ಕೈಯನ್ನು ಮೇಲಕ್ಕೆ ಒಯ್ಯುತ್ತಿತ್ತು. ಕಣ್ಣಲ್ಲಿ ನೀರು ಬಂತು. ಆದರೆ ಕೂಸು ಸುಮ್ಮನಾಯಿತು! ಮತ್ತೆ ಜಗ್ಗಿದೆ. ಆಸ್ಪತ್ರೆಯ ಹಗ್ಗವನ್ನು ಹತ್ತು ಸಲ ಜಗ್ಗಲಾರದವಳು ಇದನ್ನು ದಿನವೆಲ್ಲ ಜಗ್ಗಿದೆ, ಅವಳ ಮೇಲಿನ ಸಿಟ್ಟಿಗೆ.

ನಾಲ್ಕು ದಿನ ಬಿಟ್ಟು ನೋಡಿದರೆ ಹಗ್ಗದ ತುದಿ ಮೂಗಿನ ಮಟ್ಟಕ್ಕೆ ಬಂದಿತ್ತು. ಇಲಿ ಕಡಿದಿರಬೇಕು, ಕತ್ತರಿಸಿ ಕಟ್ಟಿದೆ ಎಂದಳು. ಆಮೇಲೆ ಹಣೆಯ ಮಟ್ಟ. ಆಮೇಲೆ ತಲೆಯ ಮೇಲೆ. ಅಷ್ಟು ಇಲಿ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಅವಳನ್ನು ಬೈಯುತ್ತಲೇ ಕೈ ಚಾಚುತ್ತಿದ್ದೆ.

ತಿಂಗಳಾದ ಮೇಲೆ ಶಹಾಪುರಕ್ಕೆ ಹೋದಾಗ ವ್ಯಾಯಾಮದ ಹೆಣ್ಣುಮಗಳು ಕೈ ಎತ್ತು ಎಂದಳು. ಎತ್ತಿದೆ. ಕಿವಿ ದಾಟಿತು. ಅವಳು ಬೆರಗಾಗಿ, ಮನೆಯಲ್ಲಿ ಬಹಳ ಚೆನ್ನಾಗಿ ಮಾಡಿದ್ದೀರಿ ಎಂದು ನನ್ನ ಬೆನ್ನು ತಟ್ಟಿದಳು. ನನಗೆ ಉಬ್ಬು ಬಂತು.

"ಆಕಿ ಎಲ್ಲಿ ಮಾಡ್ಯಾಳ್ರಿ ಬಾಯಾರ," ಎಂದಳು ಹಿಂದೆ ನಿಂತ ನೆಗೆಣ್ಣಿ. "ತೊಟ್ಟಿಲ ಹಗ್ಗ ಮಾಡ್ಯಾದ. ನಾ ಹೇಳಿದ್ರ ಈಕಿ ಕೇಳ್ತಿದ್ಲೇನ್ರಿ? ಸಿಟ್ಟ ಬರಿಸಿದ್ರ ಏನ್ ಬೇಕಾದ್ದ ಮಾಡ್ತಾಳ."

ಹೆಣ್ಣುಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಉಪಕಾರ ಎನಿಸಬೇಕಿತ್ತು. ನಿಜ ಹೇಳಬೇಕೆಂದರೆ, ನನ್ನ ತೋಳಿನ ಹೆಸರೂ ಅವಳ ಪಾಲಾಯಿತಲ್ಲ ಎಂದು ಇನ್ನಷ್ಟು ಉರಿಯಿತು.

ಮಗಳು ಹೊರಡಲು ಐದು ದಿನ ಇದ್ದಾಗ ನಾನು ಬಚ್ಚಲಲ್ಲಿ ಕಾಲು ನೀಡಿ ಕೂತೆ. ನೆಗೆಣ್ಣಿ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ, ಚೆಂಬು ನನ್ನ ಬಲಗೈಗೆ ಕೊಟ್ಟು, ನಾನು ಇಷ್ಟು ದಿನ ಕೂತ ಬಾಗಿಲಲ್ಲಿ ಕೂತಳು. ಎಣ್ಣೆ ಹಚ್ಚಿದ ಆ ಮೈ, ಆ ಬೆನ್ನು, ಆ ಮಡಿಕೆ ಮಡಿಕೆ ತೊಡೆ! ಕೂಸು ಮೊದಲ ಚೆಂಬಿಗೆ ಕಿರುಚಿತು, ಎರಡನೆಯದಕ್ಕೆ ನನ್ನ ಮುಖ ನೋಡಿತು, ಮೂರನೆಯದಕ್ಕೆ ನಕ್ಕಿತು. ನನಗೆ ಇಂದ್ರಲೋಕ. ಕೊನೆಗೆ ಅಂಗೈ ನೀರು ಹಿಡಿದು, ಬಲಗೈಯನ್ನು ಮೇಲೆತ್ತಿ ಮೂರು ಸುತ್ತು ಪೂರ್ತಿ ತಿರುಗಿಸಿದೆ. ಅವಳಿಗೆ ಮುಟ್ಟಲೆಂದೇ ಗಟ್ಟಿಯಾಗಿ ಹೇಳಿದೆ:

"ಹಾದ್ಯಾಗಿನ ಕಣ್ಣ, ಬೀದ್ಯಾಗಿನ ಕಣ್ಣ, ಬಾಗಲಾಗ ಕುಂತ ಸಣ್ಣಾಯಿ ಕಣ್ಣ, ಎಲ್ಲಾ ಹರದ ಹೋಗ್ಲಿ."

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

ನಾಲ್ಕು ದಿನ ನಾನೇ ಎರೆದೆ. ನಾಲ್ಕೂ ದಿನ ಅವಳು ಬಂದು ಬಾಗಿಲಲ್ಲಿ ಕೂತಳು. ನಾಲ್ಕನೆಯ ದಿನ ಕೂಸಿನ ಕುಂಚಿಗೆ ಮಡಚುತ್ತ, ನನ್ನನ್ನು ನೋಡದೆ ಹೇಳಿದಳು:

"ನಿನ್ನ ಮಗಳು ಇನ್ನೊಂದ ಹಡಿಲಾಕ ನಿನ್ನ ಮನಿಗೇ ಬರ್ತಾಳಕ್ಕ. ನನ್ನ ಸೊಸಿಗೋಳು ತಮ್ಮ ತವರಮನಿಗಿ ಹೋಗ್ತಾರ. ನನ್ನ ಕಾಲ ಮ್ಯಾಲ ಇನ್ನ ಯಾ ಕೂಸ ಬರ್ತದ?"

ಮೂವರು ಗಂಡುಮಕ್ಕಳನ್ನು ಸಾಲಾಗಿ ಕೂಡಿಸಿ ಉಣ್ಣಲಿಕ್ಕೆ ಹಾಕಿದವಳು. ನಾನು ನೀರು ಕಾಯಿಸುವ ಹಂಡೆಯ ಕೆಳಗಿನ ಬೂದಿ ತೋಡುತ್ತ ಇದ್ದುಬಿಟ್ಟೆ.

ಐದನೆಯ ದಿನ ಮಧ್ಯಾಹ್ನ ಬೀಗರ ಜೀಪು ಬರುವುದಿತ್ತು. ಬೆಳಿಗ್ಗೆ ಕೊನೆಯ ನೀರು. ಹಂಡೆ ಕಾದಿತ್ತು, ಎಣ್ಣೆ ಬೆಚ್ಚಗಾಗಿತ್ತು. ನೆಗೆಣ್ಣಿ ಕೂಸನ್ನು ಎತ್ತಿಕೊಂಡು ಬಂದು ನಾನು ಕೂಡಲೆಂದು ಕಾದು ನಿಂತಳು. ನಾನು ತೋಳು ಹಿಡಿದುಕೊಂಡು ಮುಖ ಕಿವುಚಿದೆ.

"ಇವತ್ತ ತೋಳ ಹಿಡಕೊಂಡಾದ, ಎತ್ತಾಕ ಬರವಲ್ದು," ಎಂದೆ. "ನೀನೇ ಎರಿ."

ತೋಳು ಹಿಡಿದುಕೊಂಡಿರಲಿಲ್ಲ. ಆ ಬೆಳಿಗ್ಗೆ ಕೊಡ ಹೊತ್ತು ತಂದು ಹಂಡೆ ತುಂಬಿಸಿದ್ದೇ ನಾನು. ಅವಳು ಸೀರೆ ಎತ್ತಿಕಟ್ಟಿ ಕೂತಳು. ಕೂಸು ಅವಳ ಕಾಲ ಮೇಲೆ ಮತ್ತೆ ಬೆಕ್ಕಿನ ಮರಿಯಾಯಿತು. ನಾನು ಬಾಗಿಲಲ್ಲಿ ಕೂತು ನೋಡಿದೆ. ಕೊಟ್ಟೆನಲ್ಲ ಎಂದು ತಣ್ಣಗಾದೆನೇ? ಇಲ್ಲ. ಎದ್ದು ಕಸಿದುಕೊಳ್ಳಲೇ ಎಂದು ಎರಡು ಸಲ ಅನಿಸಿತು. ನೀರು ಬಿಸಿಯಾಯಿತು ಎಂದೂ ಹೇಳಿದೆ.

ಅಂದಿನಿಂದ ಅವಳ ಕತೆ ಹೀಗೆ: ಅಕ್ಕನ ತೋಳು ಪೂರ್ತಿ ಎಂದೂ ಸರಿಹೋಗಲೇ ಇಲ್ಲ, ಮೊದಲ ನೀರೂ ತನ್ನದೇ, ಕೊನೆಯ ನೀರೂ ತನ್ನದೇ, ಅದಕ್ಕೇ ಹುಡುಗಿಗೆ ತನ್ನ ಚುರುಕು ಹತ್ತಿದೆ. ಹುಡುಗಿ ಕಾಲೇಜಿನಿಂದ ಬಂದವಳು ಮೊದಲು ಗೋಡೆಯ ಮೇಲಿಂದ ಸಣ್ಣಾಯಿ ಎಂದು ಕೂಗಿ ಆಮೇಲೆ ನನ್ನ ಬಾಗಿಲಿಗೆ ಬರುತ್ತಾಳೆ. ನಾನು ಇಷ್ಟು ವರ್ಷ ಬಾಯಿ ಕಚ್ಚಿ ಕೇಳಿಸಿಕೊಂಡಿದ್ದೇನೆ.

ಆ ದಿನ ನನ್ನ ತೋಳು ಚೆನ್ನಾಗಿತ್ತು. ಅದೊಂದನ್ನು ಬರೆದಿಡಬೇಕಿತ್ತು, ಬರೆದೆ. ನೆಗೆಣ್ಣಿಗೆ ಓದು ಬರುವುದಿಲ್ಲ. ಓದಿ ಹೇಳಬೇಡ ಎಂದು ಮೊಮ್ಮಗಳಿಂದ ಆಣೆ ಮಾಡಿಸಿಕೊಂಡಿದ್ದೇನೆ.