ಅಲುಗಾಡಬಾರದು

ಕೂಸಿನ ಫೋಟೋ ಬೇಕೆಂದರೆ ಜನ ಇನ್ನೂ ಸ್ಟುಡಿಯೋಕ್ಕೇ ಹೋಗುತ್ತಿದ್ದ ಕಾಲ. ರಾಣೇಬೆನ್ನೂರಿನಲ್ಲಿ ನಾನು ಸಿಟಿ ಸ್ಕ್ಯಾನ್ ಯಂತ್ರ ನಡೆಸುತ್ತಿದ್ದೆ. ಬ್ಯಾಡಗಿಯಿಂದ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸು. ಅವಳ ಸೆರಗಿನ ಘಾಟಿಗೇ ನನಗೆ ಸೀನು ಬಂತು. ಹುಟ್ಟಿದಾಗ ಅಳದ ಕೂಸು, ವರ್ಷ ತುಂಬಿದರೂ ಕುತ್ತಿಗೆ ನಿಂತಿರಲಿಲ್ಲ. ನಿದ್ದೆಯ ಔಷಧ ಕುಡಿಸಿ ತಲೆಯ ಸ್ಕ್ಯಾನ್ ಮಾಡಿದೆವು.

ಮರುವಾರ ಅದೇ ಅಜ್ಜಿ, ಅದೇ ಕೂಸು, ಕೈಯಲ್ಲಿ ನಾನು ಕೊಟ್ಟ ಫಿಲಂ. ಹುಟ್ಟುವಾಗ ಉಸಿರು ಸಿಗದೆ ಮೆದುಳಿಗೆ ಪೆಟ್ಟಾಗಿದೆ, ಇವನು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಅವಳ ಸಿಟ್ಟು ಮಾತ್ರ ನನ್ನ ಮೇಲೆ.

“ನಿದ್ದಿಗಣ್ಣಾಗ ಫೋಟೋ ತಗದ್ರ ಮೆದುಳು ಕೆಲಸ ಮಾಡೂದು ಹೆಂಗ ಕಾಣಬೇಕ್ರಿ? ಎಚ್ಚರಿದ್ದಾಗ ಇನ್ನೊಮ್ಮಿ ತಗೀರಿ. ಗಿಲಕಿ ತಂದೇನಿ. ಅಲ್ಲಾಡಿಸಿದ್ರ ನಗತಾನ.”

ಹೊರಗೆ ಪಾಳಿ ಹಚ್ಚಿ ನಿಂತ ಜನ. ನನಗೂ ರೇಗಿತು.

“ಎಚ್ಚರಿದ್ರ ಅಲುಗಾಡತಾನಬೇ. ಅಲುಗಾಡಿದ್ರ ಚಿತ್ರ ಕೆಡತೈತಿ.”

ಅವಳು ಕೂಸಿನ ಕುತ್ತಿಗೆಗೆ ಅಂಗೈ ಆನಿಸಿ, ಜೋಲುತ್ತಿದ್ದ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

“ಚಿತ್ರ ಕೆಡಲಿ ಬಿಡ್ರಿ, ಯಪ್ಪಾ. ಅಂವ ಅಲುಗಾಡಿದ್ರ ಅಷ್ಟ ಸಾಕು ನಮಗ.”

‘ಅಲುಗಾಡಬಾರದು’ ಎಂದು ಕೆಂಪು ಅಕ್ಷರದಲ್ಲಿ ಬರೆಸಿ ಆ ಕೋಣೆಯ ಬಾಗಿಲಿಗೆ ತೂಗುಹಾಕಿದವನು ನಾನೇ. ಎಷ್ಟು ಗದರಿದರೂ ಯಾರೂ ಅದನ್ನು ಪೂರ್ತಿ ಪಾಲಿಸುತ್ತಿರಲಿಲ್ಲ. ಆ ಕೂಸಿಗೆ ಓದಿ ಹೇಳಬೇಕಾಗಿಯೂ ಬರಲಿಲ್ಲ.