ಡಾಕ್ಟರ ಹೆಂಡತಿಗೆಂದು ಒಯ್ದ ಸೀರೆ

ಹದಿನಾರು ತುಂಬಿದ ವರ್ಷ ನನ್ನ ನಿದ್ದೆ ಹಾರಿತು. ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಶಾಲೆಯಲ್ಲಿ ಹೆಸರು ಕೂಗಿದರೆ ಪುಸ್ತಕದ ಹಿಂದೆ ಮುಖ ಮರೆಸುತ್ತಿದ್ದೆ. ರಬಕವಿಯ ನಮ್ಮ ಓಣಿಯ ತುಂಬ ಮಗ್ಗ. ಆ ಸದ್ದಿನಲ್ಲಿ ಅತ್ತರೂ ಯಾರಿಗೂ ಕೇಳುತ್ತಿರಲಿಲ್ಲ, ಅದೊಂದು ಅನುಕೂಲ.

ಅವ್ವ ತಾಯಿತ ಕಟ್ಟಿಸಿದಳು. ಗುಣ ಕಾಣಲಿಲ್ಲ. ಕಡೆಗೊಂದು ಮಧ್ಯಾಹ್ನ ಅಪ್ಪನ ಮಗ್ಗದ ಪಕ್ಕ ಕೂತು ಹೇಳಿಬಿಟ್ಟೆ: "ಅಪ್ಪಾ, ನನಗ ಬದುಕೂದ ಬ್ಯಾಡ ಅನಸಾಕತ್ತೈತಿ."

ಅಪ್ಪ ಲಾಳಿ ನಿಲ್ಲಿಸಿದ, ತಲೆ ಸವರಿದ. "ಅಂಜಬ್ಯಾಡವ್ವಾ. ಜಮಖಂಡಿ ಡಾಕ್ಟರ್ ಕಡೆ ಹೋಗೂಣು. ಯಾರ ಮುಂದೂ ಹೇಳಾಂಗಿಲ್ಲ." ಆ ಮಾತಿಗೇ ನಾನು ಅರ್ಧ ವಾಸಿಯಾದೆ.

ಸೋಮವಾರ ಹೊರಟೆವು. ಅಪ್ಪನ ಚೀಲದಲ್ಲಿ ತಾನೇ ನೇಯ್ದ ಹಸಿರು ಸೀರೆ. "ಇದ್ಯಾಕಪ್ಪಾ?" ಎಂದೆ. "ಡಾಕ್ಟರ ಮನಿಯವರಿಗೆ ಕೊಡೂಣು. ನಿನ್ನ ಛಲೋ ನೋಡಲಿ." ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ನೇಕಾರ ಸೀರೆಯನ್ನಲ್ಲದೆ ಇನ್ನೇನು ಒಯ್ದಾನು? ನಂಬಿದೆ. ಜಮಖಂಡಿಯಲ್ಲಿ ಇಳಿದವನು ಬೀಳಗಿ ಬಸ್ ಹುಡುಕಿದ. "ಅಲ್ಲಿ ಡಾಕ್ಟರ್ ಭಾಳ ಶ್ಯಾಣ್ಯಾ ಅದಾರ." ಅದನ್ನೂ ನಂಬಿದೆ.

ಬೀಳಗಿಯಲ್ಲಿ ಕಾಯುತ್ತಿದ್ದವಳು ಅತ್ತೆ, ಅಪ್ಪನ ಅಕ್ಕ. ಚೀಲದಿಂದ ಸೀರೆ ತೆಗೆದು ನನಗೇ ಉಡಿಸಿದಳು. ಪಡಸಾಲೆಯಲ್ಲಿ ಗಂಡಿನವರು ಕೂತಿದ್ದರು. "ಮದುವಿ ಆದರ ಎಲ್ಲಾ ನೆಟ್ಟಗ ಆಕ್ಕೈತಿ, ಸುಮ್ನ ಬಾ ಬೇ" ಎಂದಳು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಜನ ನಗಲಿಕ್ಕೆ ಗಾದೆ ಹೇಳುತ್ತಾರೆ. ನಮ್ಮ ಮನೆಯವರು ಅದರ ಅರ್ಧವನ್ನು ಔಷಧವೆಂದು ತಿಳಿದಿದ್ದರು.

ಗಂಡಿನ ತಾಯಿ ಕೇಳಿದಳು, "ಹುಡುಗಿಗೆ ಏನರ ತ್ರಾಸ ಐತೇನ್ರಿ?"

"ಏನೂ ಇಲ್ರಿ. ನಕ್ಕೋಂತ ಇರತಾಳ." ಅಪ್ಪ ನನ್ನ ಮುಖ ನೋಡಲಿಲ್ಲ.

ನಾನು "ಐತ್ರಿ" ಎಂದೆ. "ನಿದ್ದಿ ಬರೂದಿಲ್ಲ. ಸಾಯಬೇಕ ಅನಸತೈತಿ. ಡಾಕ್ಟರಿಗೆ ತೋರಸ್ತೀನಂತ ಹೇಳಿ ಅಪ್ಪ ಇಲ್ಲಿ ಕರಕೊಂಡ ಬಂದಾನ."

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅತ್ತೆ ಹಣೆ ಬಡಿದುಕೊಂಡಳು.

ತಾಯಿತ ಕಟ್ಟಿಸಿದ ಅವ್ವನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಅವಳಿಗೆ ನಾನು ಹೇಳಿರಲಿಲ್ಲ. ಅಪ್ಪನಿಗೆ ಹೇಳಿದ್ದೆ.

ತಿರುಗಿ ಬರುವಾಗ ಜಮಖಂಡಿಯಲ್ಲಿ ಬಸ್ ಬದಲಿಸಬೇಕಿತ್ತು. ಆಸ್ಪತ್ರೆ ಸ್ಟ್ಯಾಂಡಿನಿಂದ ದೂರವೇನಲ್ಲ. ಹೊತ್ತೂ ಇತ್ತು. ಇನ್ನು ಮುಚ್ಚಿಡುವುದೇನೂ ಉಳಿದಿಲ್ಲ, ಈಗಲಾದರೂ ಕರೆದೊಯ್ಯುತ್ತಾನೆಂದು ಸೆರಗು ಸರಿಮಾಡಿಕೊಂಡು ನಿಂತೆ. ಅಪ್ಪ ಓಡಿಹೋಗಿ, ರಬಕವಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ನನಗೊಂದು ಸೀಟು ಹಿಡಿದ.